ತೊಟ್ಟಿಲ ಕೊಂಡಿಗೆ ಹಾಕಿದ ಫ್ಯಾನು

ತಿಂಗಳುಗಟ್ಟಲೆ ಮುಚ್ಚಿದ್ದ ಮನೆಯ ಸೀಲಿಂಗ್ ಫ್ಯಾನನ್ನು ಮೊದಲ ಸಲ ಹಾಕಿದಾಗ ಒಂದು ವಾಸನೆ ಬರುತ್ತದೆ. ಬಿಸಿಯಾದ ಧೂಳು, ಹಳೆಯ ಗ್ರೀಸು, ತಾಮ್ರದ ತಂತಿ ಎಲ್ಲ ಸೇರಿದ ವಾಸನೆ. ಹೋದ ವಾರ ಮಾನ್ವಿಯ ನಮ್ಮ ಮನೆಯ ಬೀಗ ತೆಗೆದು ಪಡಸಾಲೆಯ ಸ್ವಿಚ್ಚು ಒತ್ತಿದಾಗ ಅದೇ ವಾಸನೆ ಬಂತು. ಜೊತೆಗೆ ರೆಕ್ಕೆಗಳ ಮೇಲೆ ಕೂತಿದ್ದ ಧೂಳೆಲ್ಲ ನನ್ನ ತಲೆಯ ಮೇಲೆ ಉದುರಿತು. ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳಿಗೆ ಮೊದಲು ಫ್ಯಾನು ಒರೆಸಿ ಆಮೇಲೆ ಸ್ವಿಚ್ಚು ಒತ್ತಬೇಕೆಂಬ ಬುದ್ಧಿ ಇರಲಿಲ್ಲ.

ನನಗೆ ರಾಯಚೂರಿಗೆ ವರ್ಗವಾದ ಮೇಲೆ ನಾನು, ನನ್ನ ಗಂಡ ಮೌನೇಶ ಇಬ್ಬರೂ ಅಲ್ಲೇ ಇದ್ದೇವೆ. ಮಾನ್ವಿಯ ಮನೆಗೆ ಬಾಡಿಗೆಯವರು ಗೊತ್ತಾಗಿದ್ದರು. ದೇವದುರ್ಗದಿಂದ ಮಧ್ಯಾಹ್ನದ ಹೊತ್ತಿಗೆ ಬರುವವರಿದ್ದರು. ಅಷ್ಟರೊಳಗೆ ಕಸ ಹೊಡೆದು, ನೆಲ ಒರೆಸಿ, ಕೀಲಿ ಕೊಟ್ಟು ಹೋಗೋಣವೆಂದು ಬೆಳಗಿನ ಬಸ್ಸಿಗೆ ಬಂದಿದ್ದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ಕಸಬರಿಗೆ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟೆ. ತಲೆಯೆತ್ತಿದರೆ ಫ್ಯಾನು, ಅದರ ಮೇಲೆ ಕಬ್ಬಿಣದ ಕೊಂಡಿ, ಕೊಂಡಿಯ ಮೇಲೆ ಮನೆಯ ನಡುತೊಲೆ. ಆ ಕೊಂಡಿಗೆ ಈ ಫ್ಯಾನು ಏರಿದ ಬೇಸಿಗೆ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು.

ಕೊಂಡಿ ಫ್ಯಾನಿಗೆಂದು ಹಾಕಿಸಿದ್ದಲ್ಲ, ತೊಟ್ಟಿಲಿಗೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಪಡಸಾಲೆಯ ತೊಲೆಗೆ ಇಂಥದೊಂದು ಕೊಂಡಿ ಇದ್ದೇ ಇರುತ್ತದೆ. ಮನೆಯಲ್ಲಿ ಕೂಸಿಲ್ಲದಾಗ ಅದು ಬರಿದಾಗಿರುತ್ತದೆ. ನಮ್ಮ ಮನೆಯಲ್ಲಂತೂ ಅದಕ್ಕೆ ಲಾಟೀನು, ಬುಟ್ಟಿ ಏನನ್ನೂ ತೂಗುಹಾಕುವಂತಿರಲಿಲ್ಲ. ನನ್ನ ಅತ್ತೆ ಹುಲಿಗೆಮ್ಮ ಪ್ರತಿ ಯುಗಾದಿಯ ದಿನ ಸ್ನಾನ ಮಾಡಿ, ಸ್ಟೂಲು ಹತ್ತಿ, ಹತ್ತಿಯ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ ಆ ಕೊಂಡಿಯನ್ನು ತಿಕ್ಕುತ್ತಿದ್ದಳು. "ಕಬ್ಬಿಣಕ್ಕ ಜಂಗ ಹಿಡೀಬಾರದು" ಎನ್ನುತ್ತಿದ್ದಳು, ಅಷ್ಟೇ. ಯಾಕೆ, ಯಾರಿಗಾಗಿ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಕೆಳಗೆ ಸ್ಟೂಲು ಹಿಡಿದು ನಿಲ್ಲುವುದು ನನ್ನ ಕೆಲಸ. ಮದುವೆಯಾದ ಒಂಬತ್ತು ವರ್ಷ ನಾನು ಆ ಸ್ಟೂಲು ಹಿಡಿದಿದ್ದೆ.

ಫ್ಯಾನು ಏರಿದ ಆ ವರ್ಷ ಯುಗಾದಿಗೆ ಎಂಟು ದಿನ ಇರುವಾಗ ರಾಯಚೂರಿನ ಆಸ್ಪತ್ರೆಯಲ್ಲಿ ಕೂಸಿಗಾಗಿ ನಮ್ಮ ಮೂರನೆಯ ಪ್ರಯತ್ನವೂ ಕೈಕೊಟ್ಟಿತ್ತು. ಇನ್ನೊಮ್ಮೆ ನೋಡೋಣ ಎಂದು ವೈದ್ಯರು ಹೇಳಿದ್ದರು. ಮಾನ್ವಿಗೆ ತಿರುಗಿ ಬರುವ ಬಸ್ಸಿನಲ್ಲಿ ಮೌನೇಶ ಕಿಟಕಿಯ ಕಡೆ ನೋಡುತ್ತಲೇ, "ಸಾಕ ಮಾಡೋಣು. ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ನಿನ್ನ ಮೈ ಹಣ್ಣಾಗ್ಯಾದ. ನೀ ಇದ್ದಿ, ನಾ ಇದ್ದೀನಿ, ಅವ್ವ ಇದ್ದಾಳ" ಎಂದ. ನನಗೆ ಅಳು ಬಂತು. ಅಳುವಿನ ಕೆಳಗೆ ಸಮಾಧಾನವೂ ಇತ್ತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

"ಅವ್ವಗ ಯಾರು ಹೇಳೋರು?" ಎಂದೆ.

"ನೀ ಹೇಳು."

"ನಿನ್ನ ಅವ್ವ. ನೀ ಹೇಳು."

ಮಾನ್ವಿಯ ಬಸ್ ನಿಲ್ದಾಣ ಬಂದರೂ ಅದು ತೀರ್ಮಾನವಾಗಲಿಲ್ಲ. ಯುಗಾದಿ ಬಂತು. ಅತ್ತೆ ಸ್ಟೂಲು ಹತ್ತಿ ಎಣ್ಣೆ ಹಚ್ಚಿದಳು. ನನ್ನ ಕೈಯಲ್ಲಿ ಸ್ಟೂಲು ಅಲುಗಿದಾಗ, "ಗಟ್ಟಿ ಹಿಡಿಯವ್ವ, ಬಿದ್ದರ ನನ್ನ ಹೊತ್ತೊಯ್ಯೋರು ನೀವ" ಎಂದು ನಕ್ಕಳು. ನಾನೂ ನಕ್ಕೆ.

ಹೇಳದೆ ಉಳಿದ ಮಾತಿನ ಜೊತೆಗೇ ಬೇಸಿಗೆಯೂ ಶುರುವಾಯಿತು. ರಾಯಚೂರು ಸೀಮೆಯ ಬಿಸಿಲನ್ನು ಹೊರಗಿನವರಿಗೆ ವರ್ಣಿಸಿ ಉಪಯೋಗವಿಲ್ಲ, ಇಲ್ಲಿಯವರಿಗೆ ವರ್ಣಿಸುವ ಅಗತ್ಯವಿಲ್ಲ. ನಮ್ಮ ಮನೆಯ ಮಾಳಿಗೆಗೆ ಕಲ್ಲಿನ ಚಪ್ಪಡಿ. ಬೆಳಗಿನಿಂದ ಬಿಸಿಲು ಕುಡಿದ ಆ ಚಪ್ಪಡಿ ಮಧ್ಯಾಹ್ನಕ್ಕೆ ಅದನ್ನು ನಮ್ಮ ಮೇಲೆ ಬಿಡಲು ಶುರು ಮಾಡಿದರೆ ಸಂಜೆ ನೀರು ಹೊಡೆದರೂ ಸುಮ್ಮನಾಗುತ್ತಿರಲಿಲ್ಲ. ಮೇಲೆ ಸುಣ್ಣ ಬಳಿಸಿದೆ, ಕಿಟಕಿಗೆ ಹಸಿ ಸೀರೆ ಕಟ್ಟಿದೆ. ಎಲ್ಲ ಒಂದಿಷ್ಟು ಹೊತ್ತು.

ಮನೆಯಲ್ಲಿ ಒಂದು ಎಸಿ ಇತ್ತು. ಹಿಂದಿನ ವರ್ಷ, ಚಿಕಿತ್ಸೆಯ ಹೊತ್ತಿಗೆ ನನಗೆ ವಿಶ್ರಾಂತಿ ಬೇಕೆಂದು ಮೌನೇಶ ನಮ್ಮ ಸಣ್ಣ ಕೋಣೆಗೆ ಹಾಕಿಸಿದ್ದ. ನಮ್ಮಪ್ಪ ನನ್ನೂರು ಮಸರಕಲ್ಲಿನಲ್ಲಿ ಕೂಲಿ ಮಾಡಿದವನು. ಅವನ ಮಗಳ ಮನೆಯಲ್ಲಿ ಎಸಿ ಇದೆ ಎನ್ನುವುದು ನನ್ನ ತವರಿನ ಓಣಿಯಲ್ಲೆಲ್ಲ ಸುದ್ದಿಯಾಗಿತ್ತು. ಆದರೆ ಅದನ್ನು ಹೇಗೆ ಬಳಸಬೇಕೆಂಬುದರಲ್ಲಿ ನನಗೂ ಅತ್ತೆಗೂ ಒಮ್ಮತವಿರಲಿಲ್ಲ. ನಾನು ಕೋಣೆಯ ಬಾಗಿಲು ಮುಚ್ಚುತ್ತಿದ್ದೆ, ಅವಳು ತೆರೆಯುತ್ತಿದ್ದಳು.

"ಹಗಲೊತ್ತಿನ್ಯಾಗ ಬಾಗಲ ಮುಚ್ಚಿದ್ರ ಮಂದಿ ಏನ್ ತಿಳ್ಕೊಂತಾರ? ಈ ಮನ್ಯಾಗ ಏನೋ ಆಗ್ಯಾದ ಅಂತಾರ" ಎನ್ನುವುದು ಅವಳ ವಾದ. ಹಾಗೆಂದು ಒಳಗೆ ಬಂದು ಕೂರುತ್ತಲೂ ಇರಲಿಲ್ಲ, ಎಸಿಯ ಗಾಳಿಗೆ ಅವಳ ಮೊಣಕಾಲು ಹಿಡಿಯುತ್ತಿತ್ತು. ಕೋಣೆಯ ಹೊಸ್ತಿಲ ಹೊರಗೆ, ಪಡಸಾಲೆಯಲ್ಲಿ ಗೋಡೆಗೊರಗಿ ಕೂತು ಅಕ್ಕಿ ಆರಿಸುವಳು. ಓಣಿಯ ನಾಲ್ಕು ಹೆಂಗಸರೂ ತಮ್ಮ ತಮ್ಮ ಮೊರ ಹಿಡಿದು ಅಲ್ಲಿಗೇ ಬರುವರು. ನಮ್ಮ ಎಸಿ ಆ ಬೇಸಿಗೆಯಲ್ಲಿ ಕೋಣೆಯನ್ನು, ಪಡಸಾಲೆಯನ್ನು, ಕಟ್ಟೆಯನ್ನು, ಅರ್ಧ ಓಣಿಯನ್ನು ತಂಪು ಮಾಡಲು ಹೊರಟು ಯಾವುದನ್ನೂ ತಂಪು ಮಾಡದೆ ದಿನವಿಡೀ ಗುರುಗುಟ್ಟಿತು. ಮೀಟರು ನೋಡುವ ಹುಡುಗಿ ಬಂದು ಬಿಲ್ಲು ಹರಿದು ಕೊಟ್ಟಾಗ ಮೌನೇಶ ಅದನ್ನು ಓದಿ, ಮಡಿಚಿ, ಜೇಬಿಗಿಟ್ಟು ಏನೂ ಮಾತಾಡದೆ ಸಿರವಾರದ ಅಕ್ಕಿ ಗಿರಣಿಗೆ ಹೋದ. ಅವನು ಅಲ್ಲಿ ಮೆಕ್ಯಾನಿಕ್. ಸಿಟ್ಟು ಬಂದರೆ ಮೌನವಾಗುವುದು ಅವನ ಹೆಸರಿಗೆ ತಕ್ಕ ಗುಣ.

ನಾನು ಮೇಷ್ಟ್ರಗಿರಿ ತೋರಿಸಲು ಅಷ್ಟು ಸಾಕಾಯಿತು. ಅವತ್ತು ಸಂಜೆ ತಾಯಿ, ಮಗ ಇಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದೆ. ಎಸಿ ಕೋಣೆಯ ಗಾಳಿಯನ್ನೇ ತಂಪು ಮಾಡಬೇಕು, ಅದಕ್ಕೆ ಬಹಳ ವಿದ್ಯುತ್ ಬೇಕು. ಫ್ಯಾನು ಹಾಗಲ್ಲ. ಅದು ಕೋಣೆಯನ್ನು ತಂಪು ಮಾಡುವುದೇ ಇಲ್ಲ, ಮನುಷ್ಯರ ಮೈಯ ಬೆವರನ್ನು ಆರಿಸುತ್ತದೆ, ಅಷ್ಟಕ್ಕೇ ನಮಗೆ ತಂಪು. ಪಡಸಾಲೆಗೊಂದು ಸೀಲಿಂಗ್ ಫ್ಯಾನು ಹಾಕಿದರೆ ಹಗಲೆಲ್ಲ ಎಸಿ ಬೇಡ. ತೀರಾ ಸೆಕೆಯಾದಾಗ ಎಸಿ ಹಾಕಿದರೂ ಅದನ್ನು ಇಪ್ಪತ್ತೇಳಕ್ಕೆ ಇಟ್ಟು ಜೊತೆಗೊಂದು ಫ್ಯಾನು ತಿರುಗಿಸಿದರೆ ಇಪ್ಪತ್ತೆರಡರ ಸುಖ. ಆದರೆ ಮನುಷ್ಯರಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ಅದು ದಂಡ. ಹೊರಗೆ ಹೋಗುವಾಗ ಆರಿಸಲೇಬೇಕು.

ಅತ್ತೆ ನಂಬಿದಂತೆ ಕಾಣಲಿಲ್ಲ. ನಾನು ಅವಳ ಅಂಗೈ ಹಿಡಿದು, ಅದರ ಮೇಲೆ ನೀರು ಸವರಿ, ಬಾಯಿಂದ ಊದಿದೆ. "ತಂಪಾತಿಲ್ಲ?" ಎಂದೆ.

"ಇದನ್ನ ನೀ ನನಗ ಕಲಿಸ್ತಿ?" ಎಂದಳು. "ಸಿರವಾರದ ಕಡೆ ಗದ್ಯಾಗ ನಾಟಿ ಹಚ್ಚುವಾಗ ಮೈಯೆಲ್ಲ ನೀರ ಇರತಿತ್ತು. ಬಿಸಲಾಗ ಬಗ್ಗಿ ನಿಂತಿರ್ತಿದ್ವಿ. ಎಲ್ಲಿಂದರ ಒಂದ ಸುಳಿಗಾಳಿ ಬಂತಂದ್ರ ಎಲ್ಲರೂ ಒಮ್ಮಿಗೇ ಎದ್ದು ನಿಲ್ತಿದ್ವಿ. ಆ ತಂಪು ನಿನ್ನ ಎಸಿಯಾಗ ಇಲ್ಲ."

ಎಂದರೆ ಫ್ಯಾನಿಗೆ ಅವಳ ಒಪ್ಪಿಗೆ ಇತ್ತು. ಮೌನೇಶ ಎರಡೇ ದಿನದಲ್ಲಿ ಒಂದು ಫ್ಯಾನು ತಂದ. ಡಬ್ಬಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿಟ್ಟ. ಮೂವರೂ ಅದನ್ನು ನೋಡಿದೆವು. ಮೇಲೆ ಮಾತ್ರ ಯಾರೂ ನೋಡಲಿಲ್ಲ.

ಯಾಕೆಂದರೆ ಆ ಪಡಸಾಲೆಯಲ್ಲಿ ಫ್ಯಾನು ತೂಗುವ ಜಾಗ ಒಂದೇ ಇತ್ತು. ಚಪ್ಪಡಿಗೆ ಕೊರೆದರೆ ಸೀಳುತ್ತದೆ. ಉಳಿದ ತೊಲೆಗಳು ಹಳತಾಗಿ ಗೆದ್ದಲು ಮೆದ್ದಿದ್ದವು. ನಡುತೊಲೆಯ ಕೊಂಡಿ ಮಾತ್ರ ಯಾವ ಭಾರಕ್ಕೂ ಜಗ್ಗದಂತೆ, ಎಣ್ಣೆ ಕುಡಿದು ಕರಿಗಟ್ಟಿ ಕೂತಿತ್ತು. ಅದಕ್ಕೆ ಫ್ಯಾನು ಹಾಕೋಣವೆಂದರೆ, ಇನ್ನು ಈ ಮನೆಯಲ್ಲಿ ತೊಟ್ಟಿಲು ಇಲ್ಲವೆಂದು ಬಾಯಿಬಿಟ್ಟು ಹೇಳಿದಂತೆಯೇ. ಆ ಮಾತನ್ನು ಅತ್ತೆಯ ಮುಂದೆ ಆಡುವ ಧೈರ್ಯ ನನಗಿರಲಿಲ್ಲ. ಆಸೆಯಿಟ್ಟುಕೊಂಡ ಮುದುಕಿಯ ಆಸೆಯನ್ನು ನಾನೇ ಮುರಿಯಬೇಕೇ ಎಂದು ಒಳಗೊಳಗೇ ಬೇಯುತ್ತಿದ್ದೆ.

ಡಬ್ಬಿ ಹಾಗೆಯೇ ಉಳಿಯಿತು. ಓಣಿಯವರು ಕೇಳಿದರೆ ಮೌನೇಶ, "ರಾಡ್ ಸಣ್ಣದದ, ಬ್ಯಾರೆ ತರಬೇಕು" ಎನ್ನುತ್ತಿದ್ದ. ಗಿರಣಿಯ ಯಂತ್ರವನ್ನೆಲ್ಲ ಬಿಚ್ಚಿ ಜೋಡಿಸುವವನಿಗೆ ಒಂದು ರಾಡು ಸಿಗದಾಯಿತು. ನಡುವೆ ಗೋಡೆಗೆ ಹಾಕುವ ಫ್ಯಾನೊಂದನ್ನು ತಂದ, ಮಣ್ಣಿನ ಗೋಡೆ ಮೊಳೆಯನ್ನು ಎರಡೇ ದಿನ ಹಿಡಿದಿಟ್ಟುಕೊಂಡಿತು. ಮೇಜಿನ ಫ್ಯಾನು ತಂದ, ಅದು ನೆಲದ ಬಿಸಿಗಾಳಿಯನ್ನೇ ಮುಖಕ್ಕೆ ಹೊಡೆಯಿತು. ಅತ್ತೆ ಎಲ್ಲವನ್ನೂ ನೋಡುತ್ತಿದ್ದಳು. "ಹಚ್ಚೋದು ಯಾವಾಗಪ್ಪ?" ಎಂದು ಅವಳೂ ಕೇಳಲಿಲ್ಲ. ಡಬ್ಬಿಯ ಮೇಲೆ ಉಪ್ಪಿನಕಾಯಿ ಭರಣಿ ಬಂತು, ಆಮೇಲೆ ನನ್ನ ಪಾಠದ ಪುಸ್ತಕಗಳು ಬಂದವು.

ಮೇ ತಿಂಗಳಲ್ಲಿ ನನಗೆ ಕುರ್ಡಿಯ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿ ಫೇಲಾದ ಮಕ್ಕಳಿಗೆ ಬೆಳಗಿನ ಪಾಠ ಇತ್ತು. ಒಂದು ದಿನ ಪಾಠ ಮುಗಿಸಿ ಬರುವಷ್ಟರಲ್ಲಿ ಬಸ್ಸು ತಡವಾಗಿ ಹನ್ನೆರಡೂವರೆ ಆಗಿತ್ತು. ಬಾಗಿಲು ಎಂದಿನಂತೆ ತೆರೆದಿತ್ತು. ಎಸಿ ಬಂದ್ ಆಗಿತ್ತು. ಬಿಲ್ಲು ಬಂದ ದಿನದಿಂದ ನಾನಿಲ್ಲದಾಗ ಅತ್ತೆ ಅದನ್ನು ಹಾಕುತ್ತಿರಲಿಲ್ಲವೆಂದು ನನಗೆ ಗೊತ್ತಾದದ್ದು ಆವತ್ತೇ. ಅತ್ತೆ ಪಡಸಾಲೆಯ ನಡುವೆ, ಕೊಂಡಿಯ ನೇರ ಕೆಳಗೆ, ಬರಿನೆಲದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಮೊರ, ಚೆಲ್ಲಿದ ಅಕ್ಕಿ.

"ಯವ್ವಾ" ಎಂದೆ. ಕಣ್ಣು ತೆರೆದಳು, ಆದರೆ ನನ್ನನ್ನು ಗುರುತಿಸಲಿಲ್ಲ. ನಾಟಿಯ ದಿನಗಳ ಯಾರೋ ಗೆಳತಿಯ ಹೆಸರು ಹಿಡಿದು ಕರೆದಳು. ಮೈ ಮುಟ್ಟಿದರೆ ಸುಡುತ್ತಿತ್ತು, ಬೆವರೇ ಇರಲಿಲ್ಲ. ಕೊಡದ ನೀರೆಲ್ಲ ಅವಳ ಸೀರೆಯ ಮೇಲೆ ಸುರಿದೆ. ಎದುರು ಮನೆಯವರಿಗೆ ಆಟೋ ತರಲು ಕೂಗಿದೆ. ಇನ್ನು ಗಾಳಿ ಬೇಕು. ಮೇಜಿನ ಫ್ಯಾನು ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಕೈಗೆ ಸಿಕ್ಕಿದ್ದು ಗೋಡೆಗೊರಗಿದ್ದ ಡಬ್ಬಿ. ಪುಸ್ತಕಗಳನ್ನು ಕೆಳಗೆ ತಳ್ಳಿ, ಡಬ್ಬಿಯ ಮುಚ್ಚಳವನ್ನು ಹರಿದು, ಅದರಿಂದಲೇ ಬೀಸಿದೆ. ಬೀಸುತ್ತಾ ಬೀಸುತ್ತಾ ನನಗೆ ನನ್ನ ಮೇಲೇ ಬಂದ ಸಿಟ್ಟನ್ನು ಈಗ ಹೇಳಲಾರೆ. ಒಂದು ಮಾತು ಆಡಲು ಅಂಜಿ ಒಂದು ಜೀವವನ್ನು ಕಲ್ಲಿನ ಮಾಳಿಗೆಯ ಕೆಳಗೆ ಬೇಯಲು ಬಿಟ್ಟಿದ್ದೆ.

ದವಾಖಾನೆಯಲ್ಲಿ ಸಲೈನು ಏರಿಸಿದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ನೀರು ಹಾಕಿ ಗಾಳಿ ಬೀಸಿದ್ದು ಒಳ್ಳೆಯದಾಯಿತು ಎಂದು ವೈದ್ಯೆ ಹೇಳಿದರು. ನಾಲ್ಕು ಗಂಟೆಯ ಹೊತ್ತಿಗೆ ಅತ್ತೆ ನನ್ನ ಕಡೆ ತಿರುಗಿ, ನನ್ನ ಕೈಯಲ್ಲಿ ಇನ್ನೂ ಇದ್ದ ರಟ್ಟಿನ ತುಂಡನ್ನು ನೋಡಿದಳು.

"ಡಬ್ಬಿಯಾಗ ಫ್ಯಾನ್ ಇಟ್ಕೊಂಡು ಡಬ್ಬೀಲೆ ಗಾಳಿ ಹಾಕಿದೇನು? ಎಂಥಾ ಟೀಚರಮ್ಮ ನೀನು" ಎಂದಳು.

ನನಗೆ ನಗು ಬರಲಿಲ್ಲ. ಅವಳ ಮಂಚದ ಅಂಚಿಗೆ ಕೂತು ಹೇಳಿಬಿಟ್ಟೆ. "ಯವ್ವಾ, ಇನ್ನ ರಾಯಚೂರಿನ ದವಾಖಾನಿಗಿ ಹೋಗಂಗಿಲ್ಲ. ಯುಗಾದಿ ಮುಂದನ ಬಿಟ್ಟೀವಿ. ಇನ್ನ ಆಗೋದಿಲ್ಲ."

"ಗೊತ್ತದ" ಎಂದಳು.

"ಯಾರು ಹೇಳಿದ್ರು?"

"ಯಾರ್ ಹೇಳಬೇಕು? ಅವತ್ತು ಬಸ್ಸಿಳಿದು ಬಂದಾಗ ಮೌನೇಶ ಕಾಲ ತೊಳಕೊಳ್ಳದ ಒಳಗ ಬಂದ. ನೀ ನನ್ನ ಮಾರಿ ನೋಡದ ಒಲಿ ಮುಂದ ಹೋಗಿ ಕೂತಿ. ಹಡದಾಕಿಗಿ ಅಷ್ಟ ತಿಳಿಯಂಗಿಲ್ಲೇನು?"

"ಮತ್ತ ಯುಗಾದಿಗಿ ಕೊಂಡಿಗಿ ಎಣ್ಣಿ ಯಾಕ ಹಚ್ಚಿದಿ?"

ಅವಳು ನನ್ನ ಕೈಯಿಂದ ರಟ್ಟನ್ನು ತೆಗೆದು ಪಕ್ಕಕ್ಕಿಟ್ಟಳು. "ಹಚ್ಚೋದು ಬಿಟ್ಟಿದ್ರ ನೀ ಏನ್ ತಿಳ್ಕೊಂತಿದ್ದಿ? ಅತ್ತಿ ಕೈಬಿಟ್ಟಳು ಅಂತ ತಿಳ್ಕೊಂತಿದ್ದಿ. ಅದಕ್ಕ ಹಚ್ಚಿದೆ. ನೀವಿಬ್ರೂ ಆ ಕೊಂಡಿ ಸುತ್ತ ಹಾವ ಕಂಡಂಗ ಅಡ್ಡಾಡೋದು ನೋಡಿ ನನಗ ಸಾಕಾಗಿತ್ತು. ನಾ ಹ್ಯಾಂಗ ಹೇಳಲಿ, ಅದಕ್ಕ ಹಾಕ್ರಿ ಅಂತ? ನಾ ಹೇಳಿದ್ರ ನಿನಗ ಚುಚ್ಚಿದಂಗ ಆಗ್ತಿತ್ತು."

ಅಂದರೆ ಅವಳ ಆಸೆ ಉಳಿಯಲಿ ಎಂದು ನಾವು ಸುಮ್ಮನಿದ್ದೆವು, ನನ್ನ ಮನಸ್ಸು ಉಳಿಯಲಿ ಎಂದು ಅವಳು ಎಣ್ಣೆ ಹಚ್ಚಿದ್ದಳು. ನಡುವೆ ಎಣ್ಣೆ ಕುಡಿದ ಕೊಂಡಿ, ಕೆಳಗೆ ಡಬ್ಬಿಯಲ್ಲಿ ಫ್ಯಾನು. ನಾನು ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಎಷ್ಟೋ ವರ್ಷಗಳ ಅಳು ಅದು. ಅವಳು ಸೂಜಿ ಚುಚ್ಚದ ಕೈಯಿಂದ ನನ್ನ ತಲೆ ನೇವರಿಸುತ್ತಾ, "ನಿನಗ ಕೂಸು ಆಗಲಿಲ್ಲ ಅಂತ ನನಗ ಸಂಕಟ ಅದ. ಇಲ್ಲ ಅನ್ನಂಗಿಲ್ಲ. ಆದ್ರ ನೀ ಆ ಕೊಂಡಿಕಿಂತ ದೊಡ್ಡಾಕಿ" ಎಂದಳು.

ಮರುದಿನ ಬೆಳಿಗ್ಗೆ ಮೌನೇಶನ ರಾಡು ಸಮಸ್ಯೆ ತಾನಾಗಿಯೇ ಬಗೆಹರಿಯಿತು. ಮೊದಲು ಕೊಂಡಿಗೆ ಒಂದು ಅಕ್ಕಿ ಮೂಟೆ ಜೋತುಬಿಟ್ಟು ಪರೀಕ್ಷೆ ಮಾಡಿದ. "ನನ್ನ ಮೂರು ಮಕ್ಕಳ ತೊಟ್ಟಿಲ ತೂಗ್ಯಾದ, ನಿನ್ನ ಫ್ಯಾನ್ ತೂಗಂಗಿಲ್ಲೇನು?" ಎಂದು ಅತ್ತೆ ಕೆಳಗಿನಿಂದ ಬೈದಳು. ಮೇಲೇರಿಸುವ ಮುಂಚೆ ಒಂದು ರೆಕ್ಕೆಗೆ ಕುಂಕುಮ ಹಚ್ಚಿದಳು. ಸ್ವಿಚ್ಚು ಹಾಕಿದೆವು. ಫ್ಯಾನು ಜೋರಾಗಿ ತಿರುಗಿತು, ಕೆಳಗೆ ಮಾತ್ರ ಗಾಳಿಯೇ ಇಲ್ಲ.

"ತಿರಗತದ, ಗಾಳಿ ಇಲ್ಲ" ಎಂದಳು ಅತ್ತೆ. ಇಷ್ಟು ದಿನ ಕಾದಿದ್ದು ಇದಕ್ಕೇನೇ ಎನ್ನುವ ಮುಖ ಅವಳದು. ಆರಿಸಿ, ಮತ್ತೆ ನಿಧಾನಕ್ಕೆ ಹಾಕಿ ಆ ಕುಂಕುಮದ ಬೊಟ್ಟನ್ನೇ ನೋಡುತ್ತಾ ನಿಂತೆ. ಬೊಟ್ಟು ಉಲ್ಟಾ ಹೋಗುತ್ತಿತ್ತು. ಗಡಿಬಿಡಿಯಲ್ಲಿ ಮೌನೇಶ ಕಂಡೆನ್ಸರಿನ ವೈರು ಅದಲುಬದಲು ಮಾಡಿದ್ದ, ಫ್ಯಾನು ಗಾಳಿಯನ್ನು ಚಪ್ಪಡಿಗೆ ಹೊಡೆಯುತ್ತಿತ್ತು. ಸರಿಮಾಡಿದ ಮೇಲೆ ಗಾಳಿ ನೇರ ನಮ್ಮ ತಲೆಯ ಮೇಲೆ ಇಳಿಯಿತು. ಅತ್ತೆ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಕುತ್ತಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ ಅದರ ಕೆಳಗೆ ಕೂತಳು. ಬಹಳ ಹೊತ್ತು ಕೂತಿದ್ದಳು.

ಆಮೇಲೆ ಎಸಿ ಮಧ್ಯಾಹ್ನದ ಒಂದೆರಡು ಗಂಟೆಗೆ ಮಾತ್ರ, ಅದೂ ಇಪ್ಪತ್ತೇಳರಲ್ಲಿ. ಮುಂದಿನ ಬಿಲ್ಲು ಬಂದಾಗ ಮೌನೇಶ ಅದನ್ನು ಜೇಬಿಗಿಡದೆ ನನಗೆ ಓದಿ ತೋರಿಸಿದ. ಓಣಿಯ ಹೆಂಗಸರು ಮೊರ ಹಿಡಿದು ಫ್ಯಾನಿನ ಕೆಳಗೆ ಸುತ್ತುಗಟ್ಟಿ ಕೂತರು, ಬಾಗಿಲು ತೆರೆದಿದ್ದರೂ ನಷ್ಟವಿರಲಿಲ್ಲ. ಹೀಗೆ ಆ ಮನೆಯಲ್ಲಿ ವಿಜ್ಞಾನಕ್ಕೂ ಅತ್ತೆಗೂ ರಾಜಿಯಾಯಿತು.

ಒಂದು ವಿಷಯದಲ್ಲಿ ಮಾತ್ರ ಆಗಲಿಲ್ಲ. ಕುರ್ಡಿಯಿಂದ ನಾನು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಯಾರೂ ಇಲ್ಲದೆ ಫ್ಯಾನು ತಿರುಗುತ್ತಿರುತ್ತಿತ್ತು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. "ಎಷ್ಟ ಸಲ ಹೇಳಬೇಕು, ಖಾಲಿ ಕೋಣ್ಯಾಗ ಫ್ಯಾನ್ ತಿರುಗಿದ್ರ ಏನೂ ತಂಪಾಗಂಗಿಲ್ಲ" ಎಂದು ನಾನು ಆರಿಸಲು ಹೋಗುವುದು. "ಖಾಲಿ ಅಂತ ಯಾರಂದ್ರು? ನೀ ಬರಾಕತ್ತಿದ್ದಿಲ್ಲೇನು?" ಎಂದು ಅವಳು ಒಲೆಯ ಮುಂದಿನಿಂದಲೇ ಹೇಳುವುದು. ಜೂನ್ ಮಳೆ ಬರುವವರೆಗೂ ಇದೇ ನಡೆಯಿತು. ಮುಂದಿನ ಯುಗಾದಿಗೆ ಅವಳು ಮತ್ತೆ ಸ್ಟೂಲು ಹತ್ತಿ ಕೊಂಡಿಗೆ ಎಣ್ಣೆ ಹಚ್ಚಿದಳು. ಯಾಕೆಂದು ಕೇಳಿದರೆ, "ಫ್ಯಾನ್ ಬೀಳಬಾರದಲ್ಲ" ಎಂದಳು. ನಾನು ಸ್ಟೂಲು ಹಿಡಿದೆ. ಆ ಸಲ ಅದು ಅಲುಗಲಿಲ್ಲ.

ಅವಳು ಹೋಗಿ ಎರಡು ವರ್ಷವಾಯಿತು. ಹೋದದ್ದು ಚಳಿಗಾಲದಲ್ಲಿ, ಬಿಸಿಲಿಗೂ ಅವಳ ಸಾವಿಗೂ ಸಂಬಂಧವಿಲ್ಲ. ಇಷ್ಟನ್ನೆಲ್ಲ ನೆನೆಯುತ್ತಾ ಹೋದ ವಾರ ಆ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಎದ್ದು ಫ್ಯಾನು ಆರಿಸಿ ರೆಕ್ಕೆ ಒರೆಸಿದೆ, ಕಸ ಹೊಡೆದೆ, ನೆಲಕ್ಕೆ ನೀರು ಹಾಕಿ ಒರೆಸಿದೆ. ಬಾಡಿಗೆಯವರ ಫೋನು ಬಂತು, ಬಸ್ ನಿಲ್ದಾಣದಲ್ಲಿ ಇಳಿದಿದ್ದೇವೆ ಎಂದರು. ನಾನು ಹಿತ್ತಿಲಲ್ಲಿ ಬಕೆಟು ತೊಳೆಯಬೇಕಿತ್ತು. ಹೋಗುವ ಮುಂಚೆ ಪಡಸಾಲೆಯ ಫ್ಯಾನು ಹಾಕಿ ಹೋದೆ.

ಬಂದವಳ ಹೆಸರು ಸುಜಾತಾ, ಇಲ್ಲಿಯ ದವಾಖಾನೆಗೆ ನರ್ಸಾಗಿ ಬಂದ ಹುಡುಗಿ. ಗಂಡ ಹೊರಗೆ ಟ್ರಂಕು, ಗ್ಯಾಸಿನ ಸಿಲಿಂಡರು ಇಳಿಸುತ್ತಿದ್ದ. ಅವಳ ಹೆಗಲ ಮೇಲೆ ಆರು ತಿಂಗಳ ಕೂಸು, ಸೆಕೆಗೆ ಅತ್ತು ಅತ್ತು ಕೆಂಪಾಗಿತ್ತು. ಒಳಗೆ ಕಾಲಿಟ್ಟವಳೇ, "ಎಷ್ಟು ತಂಪದರೀ ಅಕ್ಕಾ ನಿಮ್ಮ ಮನಿ" ಎಂದಳು. ಮನೆ ತಂಪಿಲ್ಲಮ್ಮ, ನಿನ್ನ ಬೆವರು ಆರುತ್ತಿದೆ ಎಂದು ಹೇಳಲು ಬಾಯಿಗೆ ಬಂದದ್ದನ್ನು ಬಿಟ್ಟು ಫ್ಯಾನಿನ ವೇಗ ಹೆಚ್ಚಿಸಿದೆ.

ಅವಳು ಒದ್ದೆ ನೆಲ ಆರಿದ್ದ ಕಡೆ ಒಂದು ದುಪಟಿ ಹಾಸಿ ಕೂಸನ್ನು ಮಲಗಿಸಿದಳು. ಕೂಸು ತಿರುಗುವ ರೆಕ್ಕೆಗಳನ್ನೇ ನೋಡುತ್ತಾ ಅಳು ಮರೆಯಿತು. ಅದರ ಕಣ್ಣು ಹೋದ ಕಡೆ ಅವಳೂ ತಲೆಯೆತ್ತಿದಳು.

"ಅದು ತೊಟ್ಟಿಲ ಕೊಂಡಿ ಅಲ್ಲೇನ್ರಿ?"

"ಹೌದು" ಎಂದೆ.

"ಮತ್ತ ಫ್ಯಾನ್ ಯಾಕ ಹಾಕ್ಸೀರಿ ಅದಕ್ಕ?"

"ಬಿಸಲಿತ್ತವ್ವ" ಎಂದೆ. "ಆ ವರ್ಷ ಭಾಳ ಬಿಸಲಿತ್ತು." ಕೀಲಿ ಕೈಗೆತ್ತಿಕೊಂಡು, "ನಿನಗ ತೊಟ್ಟಿಲಿಗಿ ಬೇಕಂದ್ರ ಹೇಳು. ನಮ್ಮ ಮನಿಯವರು ಐತವಾರ ಬಂದು ಬಿಚ್ಚಿಕೊಡ್ತಾರ. ಕೊಂಡಿ ಗಟ್ಟಿ ಅದ" ಎಂದೆ.

ಅವಳು ಕೂಸಿನ ಕಡೆ ನೋಡಿದಳು. ಅದಕ್ಕಾಗಲೇ ಕಣ್ಣು ಎಳೆಯುತ್ತಿತ್ತು. "ಇರಲಿ ಬಿಡ್ರಿ. ಇದರ ಕೆಳಗ ಮಲಗತದ" ಎಂದಳು.

ಕೀಲಿಯನ್ನು ಅವಳ ಕೈಗಿಟ್ಟು, ಚೀಲ ಹೆಗಲಿಗೇರಿಸಿದೆ. ಅವಳು ಗಂಡನಿಗೆ ಸಾಮಾನು ತೋರಿಸಲು ಹೊರಗೆ ಹೋದಳು. ಪಡಸಾಲೆಯಲ್ಲಿ ಕೊಂಡಿಯ ಕೆಳಗೆ ಕೂಸು ನಿದ್ದೆ ಹೋಗಿತ್ತು. ಹೊಸ್ತಿಲು ದಾಟುವಾಗ ಇಷ್ಟು ವರ್ಷದ ರೂಢಿಯಿಂದ ನನ್ನ ಕೈ ಸ್ವಿಚ್ಚಿನ ಕಡೆ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಬಸ್ಸಿಗೆ ಹೊರಟೆ.